ಬರೀ ನೀರಿನ ಟೆಸ್ಟು

ಗೊರೇಬಾಳದ ಗ್ಯಾನಮ್ಮನಿಗೆ ಗಂಡನ ಮೇಲೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಾಗಿರಲಿಲ್ಲ. ಮೈಲಾರಲಿಂಗಪ್ಪ ತಂಬಾಕು ಉಗುಳಿದರೂ ಬರುತ್ತಿತ್ತು, ಉಗುಳದೆ ಬಾಯಲ್ಲಿಟ್ಟುಕೊಂಡೇ ಮಾತಾಡಿದರೂ ಬರುತ್ತಿತ್ತು. ಆದರೆ ಈ ಸಲದ ಸಿಟ್ಟು ಆ ಜಾತಿಯದಲ್ಲ. ಈ ಸಲ ಅವನು ಜ್ವರದಲ್ಲಿ ಮಲಗಿದ್ದಲ್ಲಿಂದಲೇ ಅವಳ ಹೋತವನ್ನು ದೇವರಿಗೆ ಕೊಟ್ಟುಬಿಟ್ಟಿದ್ದ.

ಹೋತದ ಹೆಸರು ಜಮಾದಾರ. ತಾಯಿ ಆಡು ಈದ ದಿನವೇ ಸತ್ತದ್ದರಿಂದ ಗ್ಯಾನಮ್ಮ ಮೊಮ್ಮಗನ ಹಳೇ ಬಾಟಲಿಯಲ್ಲಿ ಹಾಲು ಕುಡಿಸಿ ಅದನ್ನು ಬದುಕಿಸಿದ್ದಳು. ಚಳಿಗಾಲದಲ್ಲಿ ತನ್ನ ಕೌದಿಯೊಳಗೇ ಮಲಗಿಸಿಕೊಂಡಿದ್ದಳು. ಅಷ್ಟು ಮುದ್ದಿನಿಂದ ಬೆಳೆದವರಿಗೆ ಬರಬೇಕಾದ ಗುಣಗಳೆಲ್ಲ ಜಮಾದಾರನಿಗೂ ಬಂದಿದ್ದವು. ಓಣಿಯಲ್ಲಿ ಒಣಹಾಕಿದ ಸೀರೆಯ ಸೆರಗು ಕಡಿಯುತ್ತಿತ್ತು. ಚುನಾವಣೆ ಬಂದರೆ ಎಲ್ಲ ಪಕ್ಷದವರ ಪೋಸ್ಟರನ್ನೂ ಭೇದಭಾವವಿಲ್ಲದೆ ತಿನ್ನುತ್ತಿತ್ತು. ಸಂಜೆ ಗಡ್ಡ ಬಿಟ್ಟುಕೊಂಡು ಹನುಮಪ್ಪನ ಕಟ್ಟೆಯ ಮೇಲೆ ಹಿರಿಯರ ನಡುವೆ ನಿಂತು ಮಳೆ, ಬೆಳೆ, ಸರಕಾರದ ವಿಚಾರ ಕೇಳುತ್ತಿತ್ತು. ಅದು ಬರುವ ಮೊದಲೇ ಅದರ ವಾಸನೆ ಬಂದು ಜನ ಮೂಗು ಮುಚ್ಚಿಕೊಂಡು ದಾರಿ ಬಿಡುತ್ತಿದ್ದರು. ಗ್ಯಾನಮ್ಮನಿಗೆ ಮಾತ್ರ ಆ ವಾಸನೆ ಇಲ್ಲದ ಮನೆ ಮನೆಯೇ ಅನ್ನಿಸುತ್ತಿರಲಿಲ್ಲ.

ನಡೆದದ್ದು ಇಷ್ಟು. ಕಾಲುವೆ ನೀರು ಬಂದ್ ಆಗಿ, ಬೇಸಿಗೆ ಭತ್ತವೂ ಕೊಯ್ಲಾಗಿ, ಗದ್ದೆಗಳೆಲ್ಲ ಬಿರುಕು ಬಿಟ್ಟುಕೊಂಡು ಬಿದ್ದಿದ್ದ ಕಾಲ. ಆಡುಗಳಿಗೆ ಸೊಪ್ಪು ತರಲು ಹೋದ ಮೈಲಾರಲಿಂಗಪ್ಪ ಬರಿಗಾಲಲ್ಲಿ ಜಾಲಿ ಮುಳ್ಳು ತುಳಿದ. ಚಪ್ಪಲಿ ಹಾಕಿಕೊಂಡು ಹೋಗು ಅಂತ ಹೆಂಡತಿ ಹೇಳಿದ್ದಳು; ಹೆಂಡತಿ ಹೇಳಿದಳು ಅನ್ನುವ ಒಂದೇ ಕಾರಣಕ್ಕೆ ಹಾಕಿಕೊಂಡಿರಲಿಲ್ಲ. ಸುಣ್ಣ ಬೆಲ್ಲ ಮೆತ್ತಿಕೊಂಡು ಎರಡು ದಿನ ಗಂಡಸುತನ ತೋರಿಸಿದ. ಆಮೇಲೆ ಕಾಲು ಸೋರೆಕಾಯಿಯಂತೆ ಬಾತು, ಮೈ ಕೆಂಡವಾಗಿ, ಇಲ್ಲದವರ ಹೆಸರು ಹಿಡಿದು ಮಾತಾಡತೊಡಗಿದ. ಮಗ ಹುಲಿಗೇಶ ತನ್ನ ಆಟೋದಲ್ಲೇ ಹಾಕಿಕೊಂಡು ಸಿಂಧನೂರಿಗೆ ಓಡಿಸಿದ.

ಅಲ್ಲಿ ಡಾಕ್ಟರ್ ಅನುಪಮಾ ಕಾಲು ನೋಡಿದರು, ಬಸ್ ಸ್ಟ್ಯಾಂಡಿನ ಹಿಂದಿನ ಲ್ಯಾಬಿಗೆ ರಕ್ತ ಕಳಿಸಿದರು, ರಿಪೋರ್ಟು ಬಂದ ಮೇಲೆ ಕನ್ನಡಕ ಏರಿಸಿಕೊಂಡು ಹೇಳಿದರು.

"ನೋಡ್ರೀ ಯಜಮಾನ್ರ, ಮೈಯಾಗ ಎಲ್ಲ್ಯಾರ ಉರಿ, ಬಾವು ಎದ್ರ ರಕ್ತದಾಗ ಒಂದು ಪ್ರೋಟೀನು ಏರ್ತದ. ಅದಕ್ಕ ಸಿಆರ್‌ಪಿ ಅಂತಾರ. ನಿಮ್ಮದು ಜೋರ್ ಪಾಸಿಟಿವ್ ಬಂದೈತಿ. ಸೂಜಿ ಮಾಡಿಸ್ಕೋರಿ, ಗುಳಿಗಿ ತಪ್ಪಿಸಬ್ಯಾಡ್ರಿ. ಅದು ನೆಗೆಟಿವ್ ಬರೋತನಕ ಹೊಲ, ಅಡವಿ ಅನ್ನಂಗಿಲ್ಲ."

ಇಷ್ಟು ಮಾತಿನಲ್ಲಿ ಮೈಲಾರಲಿಂಗಪ್ಪನ ತಲೆಗೆ ಹೋದದ್ದು ಕೊನೆಯದೊಂದೇ. ಮನೆಗೆ ಬಂದವನೇ, ಮಾತಾಡಿಸಲು ಬಂದ ಬೀಗರು ನೆಂಟರೆಲ್ಲ ಸುತ್ತ ಕೂತಿರುವಾಗ, ಮಸ್ಕಿಯ ದಿಕ್ಕಿಗೆ ಎರಡೂ ಕೈ ಎತ್ತಿದ.

"ತಾಯಿ ದುರುಗಮ್ಮ, ಆ ರಿಪೋರ್ಟು ಒಂದು ನೆಗೆಟಿವ್ ಬರ್ಲಿ. ಜಮಾದಾರನ್ನ ತಂದು ನಿನ್ನ ಪಾದಕ್ಕ ಹಾಕ್ತೀನಿ."

ಅವನ ಹತ್ತಿರ ತನ್ನದೇ ಆದದ್ದು ಏನೂ ಇರಲಿಲ್ಲ ಅಂತಲ್ಲ. ಒಂದು ಸೈಕಲ್ಲಿತ್ತು, ನಿಂತುಹೋದ ಕೈಗಡಿಯಾರವಿತ್ತು, ದಿನಾ ಬೆಳಗ್ಗೆ ಎಣ್ಣೆ ಹಚ್ಚಿ ಹುರಿ ಮಾಡುವ ಮೀಸೆಯಿತ್ತು. ಅವುಗಳಲ್ಲಿ ಯಾವುದನ್ನೂ ತಾಯಿಗೆ ಕೊಡಬೇಕು ಅಂತ ಅವನಿಗೆ ಹೊಳೆಯಲಿಲ್ಲ. ಗಂಡಸರ ಭಕ್ತಿ ಹೆಚ್ಚಾಗಿ ಹೆಂಡಿರ ಸಾಮಾನಿನ ಮೇಲೇ ಉಕ್ಕುತ್ತದೆ.

"ಯಾರನ್ನ ಕೇಳಿ ಅಂದಿ ಈ ಮಾತು?" ಅಂದಳು ಗ್ಯಾನಮ್ಮ.

"ದೇವ್ರಿಗೆ ಕೊಡಾಕ ಯಾರನ್ನ ಕೇಳ್ಬೇಕು?" ಅಂದು ಅವನು ಗೋಡೆಗೆ ಮುಖ ಮಾಡಿದ.

ನಾಲ್ಕು ಜನರ ಮುಂದೆ ಹೊತ್ತ ಹರಕೆ ವಾಪಸು ಬರುವುದಿಲ್ಲ. ಹುಲಿಗೇಶನಂತೂ ಅಪ್ಪನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಲೇ ಹೋತ ಎಷ್ಟು ಕಿಲೋ ಬೀಳಬಹುದು ಅಂತ ಕಣ್ಣಲ್ಲೇ ತೂಗುತ್ತಿದ್ದ. ಗ್ಯಾನಮ್ಮ ಹೊರಗೆ ಬಂದು ಜಮಾದಾರನ ಪಕ್ಕ ಕೂತಳು. ಗಂಡ ಗುಣವಾಗಬೇಕು, ಅದರಲ್ಲಿ ಎರಡು ಮಾತಿಲ್ಲ. ಗುಣವಾದ ದಿನ ಇದರ ಕುತ್ತಿಗೆ ಹೋಗುತ್ತದೆ, ಅದರಲ್ಲೂ ಇಲ್ಲ. ಯಾವ ದೇವರಿಗೆ ಏನಂತ ಬೇಡಿಕೊಳ್ಳಬೇಕು ಅನ್ನುವುದೇ ತಿಳಿಯದೆ ಅವಳು ಬರೀ ದುರುಗಮ್ಮನಿಗೆ ಬೈದಳು. ಜಮಾದಾರ ಅವಳ ಸೆರಗು ಅಗಿಯುತ್ತ ನಿಂತಿತ್ತು.

ಸೂಜಿ ಬಿದ್ದವು, ಗುಳಿಗೆ ಬಿದ್ದವು. ಕಾಲು ಇಳಿಯಿತು, ಜ್ವರ ಬಿಟ್ಟಿತು. ಮತ್ತೆ ರಕ್ತ ಕೊಟ್ಟರು. ಪಾಸಿಟಿವ್.

ಅದನ್ನು ಕೇಳಿದ ಕೂಡಲೇ ಗ್ಯಾನಮ್ಮನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇಳಿದ ಮರುಕ್ಷಣ ನಾಚಿಕೆಯಾಗಿ ಗಲ್ಲ ಗಲ್ಲ ಬಡಿದುಕೊಂಡಳು. ಗಂಡನ ಬೇನೆ ಹೋಗಿಲ್ಲ ಅಂತ ಖುಷಿಪಡುವ ಹೆಂಗಸು ಭೂಮಿ ಮೇಲೆ ಇರಬಾರದು ಅಂದುಕೊಂಡಳು. ಅಂದುಕೊಳ್ಳುತ್ತಲೇ ಜಮಾದಾರನಿಗೆ ಒಂದು ಹಿಡಿ ಕಡಲೆ ಹಾಕಿದಳು.

ಇನ್ನಷ್ಟು ಸೂಜಿ. ಕಾಲಿನ ಗಾಯ ಒಣಗಿ ಹೊಸ ಚರ್ಮ ಬಂತು. ಮೈಲಾರಲಿಂಗಪ್ಪ ಪುಂಡಿಪಲ್ಯದ ಜೊತೆ ಐದು ಜೋಳದ ರೊಟ್ಟಿ ಎತ್ತತೊಡಗಿದ. ಮತ್ತೆ ರಕ್ತ ಕೊಟ್ಟರು. ಮತ್ತೆ ಪಾಸಿಟಿವ್. ಡಾಕ್ಟರ್ ಅನುಪಮಾ ಕಾಲು ನೋಡಿದರು, ಕಾಗದ ನೋಡಿದರು, ಮತ್ತೆ ಕಾಲು ನೋಡಿದರು. "ಕಾಲು ವಾಸಿ ಆಗೈತಿ ಅಂತದ, ರಿಪೋರ್ಟು ಆಗಿಲ್ಲ ಅಂತದ. ಇನ್ನೊಂದಿಷ್ಟು ಸೂಜಿ ಮಾಡಿಸ್ರಿ, ಆಮ್ಯಾಲ ಮತ್ತ ನೋಡೂಣು" ಅಂದರು. ಅಷ್ಟೊತ್ತಿಗೆ ಮೈಲಾರಲಿಂಗಪ್ಪ ಎರಡೂ ಕುಂಡಿ ಊರಿ ಕೂರುವುದನ್ನು ಮರೆತಿದ್ದ. ಎಲ್ಲಿ ಹೋದರೂ ಒಂದು ಕಡೆ ವಾಲಿ ಕೂತು, ಯಾರೋ ಹೇಳುವ ಗುಟ್ಟು ಕೇಳಿಸಿಕೊಳ್ಳುವವನಂತೆ ಕಾಣುತ್ತಿದ್ದ.

ನಾಲ್ಕನೇ ಸಲ ಅವರು ಲ್ಯಾಬಿಗೆ ಹೋದಾಗ ಗ್ಯಾನಮ್ಮ ಹೊರಗೆ ಬೆಂಚಿನ ಮೇಲೆ ಕೂರದೆ ಸೀದಾ ಒಳಗೆ ನುಗ್ಗಿದಳು. ಒಳಗೆ ಕೆಲಸ ಮಾಡುವ ಹುಡುಗಿ ನಂದಿನಿ ಅವರ ಊರಿನವಳೇ. ದುರುಗಪ್ಪ ಮಾಸ್ತರ ಮಗಳು. ಲಿಂಗಸುಗೂರಿನಲ್ಲಿ ಕಾಲೇಜು ಮುಗಿಸಿ, ಲ್ಯಾಬಿನ ಕೋರ್ಸು ಕಲಿತು, ಈಗ ದಿನಾ ಸ್ಕೂಟಿಯಲ್ಲಿ ಸಿಂಧನೂರಿಗೆ ಬಂದು ಹೋಗುತ್ತಿದ್ದಳು. ಸಣ್ಣವಳಿದ್ದಾಗ ಜಮಾದಾರನ ಅಜ್ಜ ಅವಳ ಗಣಿತದ ಪುಸ್ತಕ ತಿಂದದ್ದನ್ನು ಅವಳಿನ್ನೂ ಮರೆತಿರಲಿಲ್ಲ.

"ಯಮ್ಮಾ, ಒಳಗ ಬರಂಗಿಲ್ಲ" ಅಂದಳು ನಂದಿನಿ.

"ನಾ ಏನೂ ಮುಟ್ಟಂಗಿಲ್ಲವ್ವ. ನಮ್ಮ ಮುದುಕನ ರಕ್ತದಾಗ ಅದೇನು ಕುಂತೈತಿ, ಒಮ್ಮೆ ಕಣ್ಣಿಲೆ ನೋಡಿ ಹೋಗ್ತೀನಿ."

ನಂದಿನಿ ಆ ದಿನ ವಾದ ಮಾಡುವ ಸ್ಥಿತಿಯಲ್ಲಿರಲಿಲ್ಲ. ಅವಳ ಮುಖ ಬಾಡಿತ್ತು. ಟೇಬಲಿನ ಮೇಲೆ ಕಪ್ಪು ಬಿಲ್ಲೆಯೊಂದಿತ್ತು, ಅದರಲ್ಲಿ ಸಣ್ಣ ಸಣ್ಣ ಸುತ್ತುಗಳು. ಒಂದು ಸುತ್ತಿನಲ್ಲಿ ಮೈಲಾರಲಿಂಗಪ್ಪನ ರಕ್ತದಿಂದ ತೆಗೆದ ತಿಳಿಯ ಒಂದು ಹನಿ ಬಿಟ್ಟಳು. ಸಣ್ಣ ಸೀಸೆಯಿಂದ ಹಾಲಿನ ಬಣ್ಣದ ಔಷಧಿ ಒಂದು ಹನಿ ಬಿಟ್ಟಳು. ಕಡ್ಡಿಯಲ್ಲಿ ಕೂಡಿಸಿ, ಬಿಲ್ಲೆಯನ್ನು ಕೈಯಲ್ಲಿ ಹಿಡಿದು ತೊಟ್ಟಿಲು ತೂಗಿದಂತೆ ಮೆಲ್ಲಗೆ ಆಡಿಸಿದಳು. ನೋಡುತ್ತಿದ್ದಂತೆ ಆ ಹನಿ ಒಡೆದ ಹಾಲಿನಂತೆ ಕಾಳು ಕಾಳಾಯಿತು.

"ಇದು ಪಾಸಿಟಿವ್" ಅಂದಳು ನಂದಿನಿ. "ಈ ಔಷಧಿಯಾಗ ಆ್ಯಂಟಿಬಾಡಿ ಅಂತ ಇರ್ತಾವ. ಅವಕ್ಕ ಆ ಸಿಆರ್‌ಪಿದು ಗುರ್ತು ಇರ್ತದ. ರಕ್ತದಾಗ ಅದು ಸಿಕ್ಕೂಡ್ಲೇ ಹಿಡಕೊಂಡು ಗಂಟು ಕಟ್ಟತಾವ. ಇಲ್ಲಾಂದ್ರ ಹಾಲಿನಂಗ ನುಣ್ಣಗ ಉಳೀತದ."

"ಹಂಗಾರ ನಮ್ಮವಂಗ ಇನ್ನೂ ಐತಿ."

"ಅದೇ ನನಗ ಹೊಳಿವಲ್ದು ಯಮ್ಮಾ. ಇವತ್ತು ಬಂದ ಎಲ್ಲಾರ್ದೂ ಪಾಸಿಟಿವ್. ಸಕ್ಕರಿ ನೋಡ್ಸಾಕ ಬಂದ ಬುಡ್ಡೇಸಾಬ್ ಮಾಮಾಂದೂ ಪಾಸಿಟಿವ್. ಬೆಳಿಗ್ಗಿ ನನ್ನ ರಕ್ತ ಹಾಕಿ ನೋಡ್ದೆ, ನಂದೂ ಪಾಸಿಟಿವ್. ನನಗೇನು ಧಾಡಿ ಆಗೈತಿ?"

ಅವಳು ಸ್ವಲ್ಪ ಹೊತ್ತು ಸೀಸೆಯನ್ನೇ ನೋಡಿದಳು. ಆಮೇಲೆ ಇನ್ನೊಂದು ಸುತ್ತಿನಲ್ಲಿ ರಕ್ತ ಹಾಕದೆ ಬರೀ ಉಪ್ಪುನೀರಿನ ಹನಿ ಬಿಟ್ಟು, ಅದರ ಮೇಲೆ ಔಷಧಿ ಬಿಟ್ಟು ಆಡಿಸಿದಳು. ಅದೂ ಕಾಳು ಕಾಳಾಯಿತು.

ಗ್ಯಾನಮ್ಮ ಬಗ್ಗಿ ನೋಡಿದಳು. "ನೀರಿಗೂ ಬ್ಯಾನಿ ಬಂತೇನವ್ವ?"

ನಂದಿನಿ ಬಿಲ್ಲೆ ಕೆಳಗಿಟ್ಟಳು. ಎದ್ದುಹೋಗಿ ಫ್ರಿಜ್ಜಿನ ಬಾಗಿಲು ತೆಗೆದಳು. ಒಳಗೆ ಔಷಧಿಗಳಿರಬೇಕಾದ ಜಾಗದಲ್ಲಿ ಒಂದು ದೊಡ್ಡ ಸ್ಟೀಲಿನ ಕೊಡ ಕೂತಿತ್ತು. ಮೇಲೆ ಕೊತ್ತಂಬರಿ ತೇಲುತ್ತಿತ್ತು. "ವಿರೇಶಣ್ಣಾ!" ಅಂತ ಅವಳು ಕೂಗಿದ ಕೂಗಿಗೆ ಹೊರಗಿನ ಬೆಂಚಿನವರೆಲ್ಲ ಎದ್ದು ನಿಂತರು.

ಲ್ಯಾಬಿನ ಮಾಲಕ ವಿರೇಶ ಒಳಗೆ ಬಂದ. ಕೈಯಲ್ಲಿ ಮಜ್ಜಿಗೆಯ ಲೋಟವಿತ್ತು.

"ಈ ಸೀಸೆ ರಾತ್ರಿ ಎಲ್ಲಿ ಇಟ್ಟಿದ್ರಿ ನೀವು?"

"ದಿನಾ ರಾತ್ರಿ ಮ್ಯಾಲ ಬರ್ಫದ ಖಾನೆದಾಗ" ಅಂದ ವಿರೇಶ. "ಮಜ್ಜಗಿಗೆ ಜಾಗಾ ಸಾಲಲಿಲ್ಲ. ಹೊರಗ ನೋಡು ಹೆಂಥ ಬಿಸಿಲೈತಿ, ಡಾಂಬರೇ ಕರಗಾಕತ್ತೈತಿ. ನೀ ಬರೂದ್ರಾಗ ಮತ್ತ ತೆಗೆದು ಕೆಳಗ ಇಡ್ತಿದ್ದೆ. ತಣ್ಣಗಿದ್ದಷ್ಟೂ ಛಲೋ ಅಲ್ಲೇನು?"

ಸಿಂಧನೂರಿನ ಬೇಸಿಗೆಯಲ್ಲಿ ಇದು ಯಾರೂ ಪ್ರಶ್ನೆ ಮಾಡದ ನಂಬಿಕೆ. ಹಾಲು ಕೆಟ್ಟರೆ ಬರ್ಫ, ತಲೆ ಕೆಟ್ಟರೆ ಬರ್ಫ, ಹೆಣ ಇಡಬೇಕಾದರೂ ಬರ್ಫ. ಆ್ಯಂಟಿಬಾಡಿಗೂ ಒಳ್ಳೆಯದೇ ಆಗಲಿ ಅಂತ ವಿರೇಶ ಮನಸ್ಸಿನಿಂದಲೇ ಮಾಡಿದ್ದ.

"ಇದು ಕುಲ್ಫಿ ಅಲ್ರೀ ಅಣ್ಣಾ! ಹೆಪ್ಪುಗಟ್ಟಿದ್ರ ಮುಗೀತು. ಆಮ್ಯಾಲ ಅದಕ್ಕ ಗುರ್ತೂ ಇಲ್ಲ, ಗ್ಯಾನಾನೂ ಇಲ್ಲ. ಏನು ಹಾಕಿದ್ರೂ ಹೌದು ಹೌದು ಅಂತ ಗಂಟು ಕಟ್ಟತದ." ಅಂದವಳು ತನ್ನ ಹಣೆ ತಾನೇ ಚಚ್ಚಿಕೊಂಡಳು. "ನಂದೂ ತಪ್ಪೈತಿ. ದಿನಾ ಮೊದ್ಲು ಬರೀ ನೀರಿಗೆ ಹಾಕಿ ನೋಡ್ಬೇಕು. ಬರೀ ನೀರಿಗೂ ಹೌದು ಅಂದ್ರ ಆ ಔಷಧಿ ಮಾತು ನಂಬಂಗಿಲ್ಲ. ಗದ್ದಲದಾಗ ನಾ ಅದನ್ನ ಬಿಟ್ಟಿದ್ದೆ."

ವಿರೇಶ ಉಳಿದ ಮಜ್ಜಿಗೆ ಕುಡಿಯಲೋ ಚೆಲ್ಲಲೋ ತಿಳಿಯದೆ ಲೋಟ ಹಿಡಿದುಕೊಂಡೇ ಲಿಂಗಸುಗೂರಿನ ಏಜೆಂಟನಿಗೆ ಹೊಸ ಸೀಸೆ ಕಳಿಸು ಅಂತ ಫೋನು ಮಾಡಲು ಹೊರಗೆ ಹೋದ. ಗ್ಯಾನಮ್ಮನಿಗೆ ಪೂರ್ತಿ ತಿಳಿಯದಿದ್ದರೂ ತನಗೆ ಬೇಕಾದಷ್ಟು ತಿಳಿದಿತ್ತು. ಗಂಡನಿಗೆ ವಾಸಿಯಾಗಿದೆ. ಆದರೆ ಕಾಗದ ಇನ್ನೂ ಇಲ್ಲ ಅನ್ನುತ್ತಿದೆ. ಕಾಗದ ಇಲ್ಲ ಅನ್ನುವವರೆಗೆ ಜಮಾದಾರನಿಗೆ ಭಯವಿಲ್ಲ.

ಅವಳು ಬಾಗಿಲು ಸ್ವಲ್ಪ ಮುಂದೆ ಮಾಡಿದಳು. "ಯವ್ವ ನಂದಿನಿ, ಈ ಸೀಸೆ ಒಗೀಬ್ಯಾಡ. ನಮ್ಮ ಮುದುಕಗ ಅಂತ ಇದನ್ನ ಇಟ್ಟುಬಿಡು."

"ಯಾಕ?"

ಗ್ಯಾನಮ್ಮ ಹರಕೆಯ ಕಥೆ ಹೇಳಿದಳು. ನಂದಿನಿ ಬಾಯಿ ತೆರೆದು ಕೇಳಿದಳು. "ಯಮ್ಮಾ, ಹುಚ್ಚೈತೇನು? ಆ ಕಾಗದ ನೋಡೇ ಡಾಕ್ಟರು ನಿನ್ನ ಗಂಡಗ ಸೂಜಿ ಬರೆಯಾಕತ್ಯಾರ."

"ಚುಚ್ಚಲಿ ಬಿಡು. ಅವನ ಕುಂಡಿ ದಪ್ಪೈತಿ. ನಮ್ಮ ಜಮಾದಾರನ ಕುತ್ತಿಗಿ ಸಣ್ಣದು."

ಈ ಮಾತು ಆಡಿ ಗೆದ್ದವಳಂತೆ ಹೊರಗೆ ಬಂದಳು. ಬೆಂಚಿನ ತುದಿಯಲ್ಲಿ ಮೈಲಾರಲಿಂಗಪ್ಪ ಒಂದು ಕಡೆ ವಾಲಿಕೊಂಡು ಕೂತಿದ್ದ. ಅವಳನ್ನು ಕಂಡು ಜಾಗ ಬಿಟ್ಟ. ಜಾಗ ಬಿಡುವ ಗಂಡಸಲ್ಲ ಅವನು. ಅವಳಿಗೆ ಅಲ್ಲೇ ಅನುಮಾನ ಬಂತು.

"ಮತ್ತ ಹೋಗಿಲ್ಲ, ಹೌದಿಲ್ಲೋ?" ಅಂದ. ದನಿ ಸಣ್ಣದಾಗಿತ್ತು. "ಗ್ಯಾನೀ, ಕಾಲು ವಾಸಿ ಆಗೈತಿ. ರಕ್ತದಾಗಿಂದು ಮಾತ್ರ ಹೋಗವಲ್ದು. ಒಳಗ ಏನರ ದೊಡ್ಡದೈತೇನು? ಡಾಕ್ಟರು ನಿನಗ ಹೇಳಿ, ನನ್ನ ಮುಂದ ಮುಚ್ಚಿಟ್ಟಾರೇನು? ಇದ್ರ ಹೇಳಿಬಿಡು. ಹುಲಿಗೇಶನ ಸಾಲಿಗೆ ಹೋಗೋ ಮಗನ್ನ ಒಮ್ಮೆ ಎದಿಮ್ಯಾಲ ಕುಂದ್ರಿಸ್ಕೋತೀನಿ."

ಗ್ಯಾನಮ್ಮ ಅವನ ಮುಖ ನೋಡಿದಳು. ಮೀಸೆಗೆ ಎಣ್ಣೆ ಹಚ್ಚಿರಲಿಲ್ಲ. ಯಾವಾಗಿನಿಂದ ಹಚ್ಚಿರಲಿಲ್ಲವೋ, ಅವಳು ಗಮನಿಸಿಯೇ ಇರಲಿಲ್ಲ. ಹೋತದ ಚಿಂತೆಯಲ್ಲಿ ಗಂಡ ಹೆದರಿದ್ದು ಅವಳಿಗೆ ಕಂಡಿರಲಿಲ್ಲ. ಇಷ್ಟು ವರ್ಷ ಅವನ ಜೊತೆ ಜಗಳಾಡಿದವಳಿಗೆ ಅವನು ಸಾಯುತ್ತೇನೆ ಅಂದುಕೊಂಡು ಸುಮ್ಮನೆ ಕೂತದ್ದನ್ನು ತಡೆಯಲು ಆಗಲಿಲ್ಲ.

"ದೊಡ್ಡದೂ ಇಲ್ಲ, ಸಣ್ಣದೂ ಇಲ್ಲ" ಅಂದಳು. "ಅವ್ರ ಔಷಧಿ ಕೆಟ್ಟೈತಂತ. ನಿನ್ನ ರಕ್ತ ನೆಟ್ಟಗೈತಿ. ಇಲ್ಲೇ ಕುಂದ್ರು."

ಮತ್ತೆ ಒಳಗೆ ಹೋಗಿ ನಂದಿನಿಗೆ, "ಖರೇನೇ ಬರದು ಕೊಡವ್ವ. ಜಮಾದಾರಂದು ನಾ ನೋಡ್ಕೋತೀನಿ" ಅಂದಳು. ಹೇಗೆ ನೋಡಿಕೊಳ್ಳುವುದು ಅನ್ನುವುದು ಅವಳಿಗೂ ಗೊತ್ತಿರಲಿಲ್ಲ.

ನಂದಿನಿ ಡಾಕ್ಟರಿಗೆ ತಾನೇ ಹೋಗಿ ಎಲ್ಲ ಹೇಳಿ, ಬೈಸಿಕೊಂಡು, ಪಾಸಿಟಿವ್ ಬಂದವರಿಗೆಲ್ಲ ಮತ್ತೆ ಬರಲು ಫೋನು ಮಾಡಿದಳು. ಮಾರನೆಯ ದಿನ ಹೊಸ ಸೀಸೆ ಬಂತು. ಗ್ಯಾನಮ್ಮ ಈ ಸಲವೂ ಒಳಗೇ ನಿಂತಿದ್ದಳು. ನಂದಿನಿ ಮೊದಲು ಬರೀ ನೀರಿಗೆ ಹಾಕಿದಳು: ನುಣ್ಣಗೆ ಉಳಿಯಿತು. ಆಮೇಲೆ ಮೈಲಾರಲಿಂಗಪ್ಪನದಕ್ಕೆ ಹಾಕಿದಳು: ಅದೂ ನುಣ್ಣಗೆ ಉಳಿಯಿತು. ಹೊರಗೆ ಹುಲಿಗೇಶ ಕೇಕೆ ಹಾಕಿ, ಅಪ್ಪನ ಕಾಲಿಗೆ ಬೀಳುವ ಮೊದಲು ಮಸಾಲೆ ತರಲು ಬಜಾರಕ್ಕೆ ಓಡಿದ.

"ಯವ್ವ, ಒಂದು ಕೇಳ್ತೀನಿ" ಅಂದಳು ಗ್ಯಾನಮ್ಮ. "ಈ ಔಷಧಿ ಎದ್ರಾಗಿಂದ ಮಾಡ್ತಾರ?"

ನಂದಿನಿ ನಗಲೋ ಬೇಡವೋ ಅಂತ ಒಂದು ಗಳಿಗೆ ನಿಂತಳು. "ಆಡಿನ ರಕ್ತದಾಗಿಂದ ಯಮ್ಮಾ. ಮನಶ್ಯಾರ ಸಿಆರ್‌ಪಿ ಒಂದಿಷ್ಟು ಆಡಿಗೆ ಚುಚ್ಚತಾರ. ಆಡಿನ ಮೈ ಅದನ್ನ ಪರಕೀಯ ಅಂತ ಗುರ್ತು ಹಿಡಿದು, ಹಿಡಿಯಾಕ ಈ ಆ್ಯಂಟಿಬಾಡಿ ಮಾಡ್ತದ. ಅದನ್ನ ರಕ್ತದಾಗಿಂದ ತಗೀತಾರ."

"ಆ ಆಡು ಸಾಯ್ತದೇನು?"

"ಯಾಕ ಸಾಯ್ತದ? ಸೂಜಿಲೆ ಒಂದಿಷ್ಟು ತಗೋತಾರ, ಮೇವು ಹಾಕ್ತಾರ. ಮುಂದ ಬೇಕಾದ್ರ ಮತ್ತ ತಗೋತಾರ. ಸತ್ರ ಅವ್ರಿಗೇ ಲುಕ್ಸಾನು."

ಗ್ಯಾನಮ್ಮ ಆ ಹಾಲಿನ ಬಣ್ಣದ ಸೀಸೆಯನ್ನು ಬಹಳ ಹೊತ್ತು ನೋಡಿದಳು. ಎಲ್ಲೋ ಕಾಣದ ಊರಿನ ಯಾವುದೋ ಆಡು ತನ್ನ ಮುದುಕನ ಬೇನೆ ಗುರುತು ಹಿಡಿದಿದೆ, ಮತ್ತು ಇವತ್ತೂ ಎಲ್ಲೋ ನಿಂತು ಮೇವು ತಿನ್ನುತ್ತಿದೆ. ಲ್ಯಾಬಿನವರಿಗೆ ಇರುವಷ್ಟು ಬುದ್ಧಿ ದುರುಗಮ್ಮನಿಗೆ ಇರುವುದಿಲ್ಲವೇ ಅಂತ ಅವಳಿಗೆ ಅನ್ನಿಸಿತು. ಮನೆಗೆ ಬರುವವರೆಗೂ ಒಂದು ಮಾತಾಡಲಿಲ್ಲ. ಮೈಲಾರಲಿಂಗಪ್ಪ ಅಷ್ಟಕ್ಕೇ ಹುಷಾರಾಗಬೇಕಿತ್ತು. ಆದರೆ ಅವನು ಮೀಸೆಗೆ ಎಣ್ಣೆ ಹಚ್ಚುವುದರಲ್ಲಿದ್ದ.

ಮಂಗಳವಾರ ಬೆಳಗ್ಗೆ ಹುಲಿಗೇಶನ ಆಟೋ, ಹಿಂದೊಂದು ಟ್ರ್ಯಾಕ್ಟರು ಮಸ್ಕಿಗೆ ಹೊರಟವು. ಊರಾಚೆ ಬೇವಿನ ಮರದ ಕೆಳಗೆ ಅವರ ಮನೆದೇವರು ದುರುಗಮ್ಮನ ಸಣ್ಣ ಗುಡಿ. ಜವಳಗೇರಾದಿಂದ ಹುಲಿಗೇಶನ ಅತ್ತೆ ರೇಣುಕಾದೇವಿ ತನ್ನ ಕಡೆಯವರನ್ನೆಲ್ಲ ಕಟ್ಟಿಕೊಂಡು ಬೆಳಗಿನ ನಾಷ್ಟಾ ಬಿಟ್ಟು ಬಂದಿದ್ದಳು. ಒಲೆ ಹೂಡಿದ್ದರು, ಹಂಡೆ ಏರಿಸಿದ್ದರು. ಜಮಾದಾರನ ಹಣೆಗೆ ಕುಂಕುಮ, ಕೊರಳಿಗೆ ಬೇವಿನ ಹಾರ. ಅದು ಹಾರದ ಅರ್ಧ ಆಗಲೇ ತಿಂದಿತ್ತು.

ಇಲ್ಲಿ ಒಂದು ಪದ್ಧತಿ ಇದೆ. ದೇವಿ ಒಪ್ಪದೆ ಕಡಿಯುವಂತಿಲ್ಲ. ಹೋತದ ಬೆನ್ನ ಮೇಲೆ ಅರಿಶಿನದ ನೀರು ಹಾಕಿ ಎಲ್ಲರೂ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಹೋತ ಮೈ ಕೊಡವಿ ಝಾಡಿಸಿದರೆ ತಾಯಿ ಒಪ್ಪಿದಳು ಅಂತ ಲೆಕ್ಕ. ಝಾಡಿಸದಿದ್ದರೆ ಇನ್ನೊಂದು ಚೊಂಬು ಹಾಕುತ್ತಾರೆ. ಆಗಲೂ ಝಾಡಿಸದಿದ್ದರೆ ಕಿವಿಯೊಳಗೆ ಬಿಡುತ್ತಾರೆ. ಒಟ್ಟಿನಲ್ಲಿ ತಾಯಿ ಒಪ್ಪುವವರೆಗೆ ನೀರು ಖಾಲಿಯಾಗುವುದಿಲ್ಲ. ಈ ಗುಡಿಯಲ್ಲಿ ತಾಯಿ ಒಲ್ಲೆ ಅಂದ ಹೋತವನ್ನು ಯಾರೂ ನೋಡಿದವರಿಲ್ಲ.

ಪೂಜಾರಿ ಹೊನ್ನೂರಪ್ಪ ಮಣ್ಣಿನ ಕೊಡದಿಂದ ತಣ್ಣನೆ ನೀರು ಚೊಂಬಿಗೆ ತುಂಬಿ, ಅರಿಶಿನ ಕದಡಿ, ಎತ್ತಿದ. ಅಷ್ಟರಲ್ಲಿ ಗ್ಯಾನಮ್ಮ ನಡುವೆ ಬಂದು ನಿಂತಳು.

"ಪೂಜಾರಪ್ಪಾ, ತಡಿ. ಮೈ ಝಾಡಿಸಿದ್ರ ಅಮ್ಮ ಒಪ್ಪಿದಂಗ, ಹೌದಿಲ್ಲೋ?"

"ಅಪ್ಪ ಅಜ್ಜನ ಕಾಲದಿಂದ ಅದೇ ಐತಲ್ಲವ್ವ."

"ಮತ್ತ ಬರೀ ನೀರಿಗೆ ಯಾರಾರ ನೋಡೀರೇನು? ಹರಕಿ ಹೊರಲಾರದ್ದಕ್ಕ ಹಾಕಿ?"

"ಅಂದ್ರ?"

"ಅಂದ್ರ ಹಿಂಗ" ಅಂದು ಅವಳು ಅವನ ಕೈಯಿಂದ ಚೊಂಬು ಕಿತ್ತುಕೊಂಡಳು. ಗುಡಿಯ ನೆರಳಲ್ಲಿ, ನೈವೇದ್ಯದ ಕನಸು ಕಾಣುತ್ತ ಗುಡಿಯ ಕರಿನಾಯಿ ಮಲಗಿತ್ತು. ಅದರ ಮೇಲೆ ಅರ್ಧ ಚೊಂಬು ಸುರಿದಳು. ನಾಯಿ ಎದ್ದು, ಮೂಗಿನಿಂದ ಬಾಲದವರೆಗೆ ಮೈ ಝಾಡಿಸಿ, ಮುಂದೆ ಕೂತ ಜವಳಗೇರಾದವರ ಬಿಳಿ ಅಂಗಿಗಳ ಮೇಲೆಲ್ಲ ಅರಿಶಿನ ಸಿಡಿಸಿತು.

"ನೋಡ್ರಿ. ಅಮ್ಮ ನಾಯಿನ್ನ ಒಪ್ಪಿದಳು. ಕಡೀರಿ."

ಜನ ನಕ್ಕರು. ಮೈಲಾರಲಿಂಗಪ್ಪ ನಗಲಿಲ್ಲ. "ಲೇ, ಏನು ಹಚ್ಚೀದಿ? ದೇವ್ರ ಮುಂದ ಚ್ಯಾಷ್ಟಿ ಮಾಡ್ತಾರೇನು?"

ಹೊನ್ನೂರಪ್ಪ ಎರಡೂ ಕೈ ಆಡಿಸಿದ. "ನಾಯಿ ಲೆಕ್ಕಕ್ಕಿಲ್ಲವ್ವ. ನಾಯಿಗೂ ಈ ಹರಕಿಗೂ ಏನು ಸಂಬಂಧ? ಹರಕಿಗೆ ಸಂಬಂಧ ಇದ್ದದ್ದು ಝಾಡಿಸ್ಬೇಕು."

"ಸಂಬಂಧ ಇದ್ದದ್ದು ಝಾಡಿಸಿದ್ರ ಲೆಕ್ಕಕ್ಕ ಬರ್ತದಿಲ್ಲೋ?"

"ಬರ್ತದ."

"ಎಲ್ಲಾರೂ ಕೇಳೀರಿ" ಅಂದಳು ಗ್ಯಾನಮ್ಮ. ಚೊಂಬಿನಲ್ಲಿ ಉಳಿದ ಅರಿಶಿನದ ನೀರನ್ನು ಮಣ್ಣಿನ ಕೊಡಕ್ಕೆ ಸುರಿದು, ಕೊಡವನ್ನೇ ಎತ್ತಿದಳು. ಎತ್ತಿ, ಗಂಡನ ರುಮಾಲು ಸರಿಸಿ, ನೆತ್ತಿಯ ಮೇಲೆ ಬೋರಲು ಹಾಕಿದಳು.

ನೀರು ಕುತ್ತಿಗೆಯಿಂದ ಅಂಗಿಯೊಳಗೆ ಇಳಿದು ಬೆನ್ನ ಹುರಿ ಹಿಡಿದು ಧೋತರದವರೆಗೆ ಹೋಯಿತು. ಮೈಲಾರಲಿಂಗಪ್ಪ ತಡೆಯಲು ನೋಡಿದ. ಹಲ್ಲು ಕಚ್ಚಿದ, ಮುಷ್ಟಿ ಹಿಡಿದ. ಆದರೆ ಮೈ ಅವನ ಮಾತು ಕೇಳಲಿಲ್ಲ. ಒಮ್ಮೆಲೇ ತಲೆ, ಭುಜ, ಹೊಟ್ಟೆ ಎಲ್ಲ ಥರಥರ ಝಾಡಿಸಿತು.

ಮೊದಲು ಬಾಯಿ ಬಿಟ್ಟವಳು ಬೀಗತಿ ರೇಣುಕಾದೇವಿ.

"ಅಯ್ಯಯ್ಯ! ಅಮ್ಮ ಬೀಗರನ್ನ ಒಪ್ಪಿದಳು!"

ಆಮೇಲೆ ನಕ್ಕ ನಗೆಗೆ ಮರದ ಮೇಲಿನ ಕಾಗೆಗಳು ಎದ್ದು ಹೋದವು. ಹುಲಿಗೇಶ ಕೈಯಲ್ಲಿದ್ದ ಕತ್ತಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ. ಅಪ್ಪ ಮಗನ ಕಡೆ ನೋಡಿದ ನೋಟ ಹಾಗಿತ್ತು.

ಗ್ಯಾನಮ್ಮ ಮಾತ್ರ ನಗುತ್ತಿರಲಿಲ್ಲ. ಖಾಲಿ ಕೊಡವನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು.

"ಈ ಹೋತ ನಂದು" ಅಂದಳು. "ನಾ ಹಾಲು ಕುಡಿಸಿ ಬೆಳಸೀನಿ. ನೀ ಸಾಯಬಾರ್ದು ಅಂತ ನಾನೂ ಅತ್ತೀನಿ, ನಿನ್ನ ತಲಿಗೆ ಒದ್ದಿ ಅರಬಿ ನಾನೂ ಹಾಕೀನಿ. ಆದ್ರ ಕೊಡೂಮುಂದ ನನ್ನ ಒಂದು ಮಾತು ಕೇಳಲಿಲ್ಲ ನೀ. ಅಮ್ಮಗ ರಕ್ತನೇ ಬೇಕಂದ್ರ ಕೊಡೂಣು. ಸೂಜಿಲೆ ಚುಚ್ಚಿ ಕೊಡೂಣು. ನಿನ್ನ ಬ್ಯಾನಿ ಗುರ್ತು ಹಿಡಿದದ್ದೂ ಒಂದು ಆಡಿನ ರಕ್ತನೇ. ಆ ಆಡು ಇವತ್ತಿಗೂ ಬದುಕೈತಿ. ನಂದಿನಿನ್ನ ಕೇಳ್ರಿ ಬೇಕಾದ್ರ."

ಎಲ್ಲರೂ ಹೊನ್ನೂರಪ್ಪನ ಕಡೆ ನೋಡಿದರು. ಹೊನ್ನೂರಪ್ಪ ಕೆಟ್ಟವನಲ್ಲ. ಆ ಬೇಸಿಗೆಯಲ್ಲಿ ವಾರಕ್ಕೆರಡು ಹರಕೆಯ ಬಾಡು ತಿಂದು ಅವನಿಗೂ ಸಾಕಾಗಿತ್ತು, ಹಲ್ಲೂ ಅಲುಗಾಡುತ್ತಿದ್ದವು. ಮೇಲಾಗಿ ಈಗ ಹೋತಕ್ಕೆ ನೀರು ಹಾಕಿ ಝಾಡಿಸಿತು ಅಂದರೆ, ಮೈಲಾರಲಿಂಗಪ್ಪನದೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತಿತ್ತು. ಅವನು ಗಡ್ಡ ಕೆರೆದುಕೊಂಡು ಗುಡಿಯೊಳಗೆ ಒಮ್ಮೆ ಇಣುಕಿ ಬಂದ.

"ಅಮ್ಮ ಏನಂತಾಳಂದ್ರ" ಅಂದ, "ಕಿವಿಯಾಗಿಂದ ಒಂದು ಹನಿ ಸಾಕಂತಾಳ. ಹರಕಿ ಮಾತ್ರ ಹೊತ್ತವನ ಬಾಯಿಲೇ ಬಿಡಿಸ್ಬೇಕು."

ಮೈಲಾರಲಿಂಗಪ್ಪ ತೋಯ್ದು ತೊಪ್ಪೆಯಾಗಿ ನಿಂತಿದ್ದ. ಹೋತದ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ. "ನನ್ನ ಹಿಂಗ ನಾಕು ಮಂದ್ಯಾಗ ತೋಯಿಸಿಬಿಟ್ಟೆಲ್ಲ" ಅಂದ. ರುಮಾಲು ಹಿಂಡಿಕೊಂಡ. "ಒಂದು ಹನಿ ತಗೋರಿ" ಅಂದ ಆಮೇಲೆ. "ನಂದು ಮಾತ್ರ ಕೇಳಬ್ಯಾಡ್ರಿ. ಲ್ಯಾಬಿನಾಗ ಸಾಕಷ್ಟು ಕೊಟ್ಟೀನಿ."

ಹೊನ್ನೂರಪ್ಪ ಸೂಜಿಯಿಂದ ಜಮಾದಾರನ ಕಿವಿ ಚುಚ್ಚಿ ಒಂದು ಹನಿ ಕಲ್ಲಿಗೆ ಒರೆಸಿದ. ಹೋತ ಒಮ್ಮೆ ಒದರಿ, ಹಾರದ ಉಳಿದರ್ಧ ಅಗಿಯುತ್ತ, ಯಾರೂ ಒಂದು ಹನಿ ನೀರು ಹಾಕದಿದ್ದರೂ ಮೈ ಝಾಡಿಸಿತು. ಹೊನ್ನೂರಪ್ಪ ಗಂಟೆ ಬಾರಿಸಿದ. "ನೋಡ್ರಿ, ಈಗ ಒಪ್ಪಿದಳು!"

ಹುಲಿಗೇಶ ಬಾಡೂಟಕ್ಕೆ ಅಂತ ತಂದ ಮಸಾಲೆಯನ್ನೆಲ್ಲ ಬದನೆಕಾಯಿ ಎಣಗಾಯಿಗೆ ಸುರಿದ. ಜವಳಗೇರಾದವರು ರೊಟ್ಟಿಗೆ ಹಚ್ಚಿಕೊಂಡು, ಬೈದುಕೊಂಡು, ಎರಡೆರಡು ಸಲ ಹಾಕಿಸಿಕೊಂಡು ಉಂಡರು.

ವಾಪಸು ಬರುವಾಗ ಆಟೋದಲ್ಲಿ ಹಿಂದೆ ಜಮಾದಾರ ನಡುವೆ, ಗಂಡ ಹೆಂಡತಿ ಆ ಕಡೆ ಈ ಕಡೆ. ಮೈಲಾರಲಿಂಗಪ್ಪನ ಅಂಗಿ ಬಿಸಿಲಿಗೆ ಒಣಗಿತ್ತು, ಅರಿಶಿನದ ಕಲೆ ಉಳಿದಿತ್ತು. ಮಸ್ಕಿ ಹಿಂದೆ ಬಿತ್ತು. ಆಮೇಲೆ ಅವನೇ ಕೈ ಚಾಚಿ, ಚುಚ್ಚಿದ ಕಿವಿಯನ್ನು ಬಿಟ್ಟು ಇನ್ನೊಂದು ಕಿವಿ ತುರಿಸಿದ. ಜಮಾದಾರ ಅವನ ಅಂಗಿಯ ಗುಂಡಿ ಬಾಯಲ್ಲಿ ಹಿಡಿಯಿತು.

"ಇನ್ನ ಮ್ಯಾಲ ಹರಕಿ ಹೊರೂದಿದ್ರ ನಿಂದೇನರ ಕೊಡು" ಅಂದಳು ಗ್ಯಾನಮ್ಮ.

"ಮನ್ಯಾಗ ಎಲ್ಲಾ ನಿಂದೇ. ನಂದು ಅಂತ ಏನೈತಿ?"

ಗ್ಯಾನಮ್ಮ ತಿರುಗಿ, ಹೋತದ ಗಡ್ಡದ ಮೇಲಿಂದ ಅವನ ಮುಖವನ್ನು ನಿಧಾನವಾಗಿ ನೋಡಿದಳು.

"ಮೀಸಿ ಐತಲ್ಲ."

ಮೈಲಾರಲಿಂಗಪ್ಪ ಗೊರೇಬಾಳ ಬರುವವರೆಗೂ ಮೀಸೆಯ ಮೇಲಿಂದ ಕೈ ತೆಗೆಯಲಿಲ್ಲ.